ಎತ್ತದ ಆರತಿ

ಕುಷ್ಟಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಇಡೀ ದಿನ ಕಾಗುಣಿತ ಹೇಳಿಕೊಟ್ಟು ವಿರೂಪಾಕ್ಷಮ್ಮನ ಗಂಟಲು ಕಟ್ಟಿತ್ತು. ಆದರೂ ಅತ್ತೆಯ ಕಾಟಕ್ಕೆ ಪುಸ್ತಕ ತೆರೆದಳು. ಓದು ಬಾರದ ಅತ್ತೆ ಕಳಕಮ್ಮನಿಗೆ, ತೀರಿಹೋದ ಮಗ ಕೊಟ್ರಪ್ಪನ ಹೆಸರು ಅದರಲ್ಲಿ ಅಚ್ಚಾಗಿದೆ ಎಂಬುದಷ್ಟೇ ಗೊತ್ತು.

ನಿಜಾಮನ ಆಳಿಕೆ ಮುಗಿದು ವರ್ಷವಾಗಿತ್ತು. ರಜಾಕಾರರ ಹಾವಳಿಯ ದಿನಗಳಲ್ಲಿ ಕೊಟ್ರಪ್ಪನ ಜೊತೆ ಗಡಿಯಾಚೆಯ ಹೋರಾಟಗಾರರ ಶಿಬಿರದಲ್ಲಿದ್ದ ಉಮಾಪತಿ, ಆಗಿನ ನೆನಪುಗಳನ್ನು ಬರೆದು ಅಚ್ಚು ಹಾಕಿಸಿದ್ದ ಪುಸ್ತಕ ಅದು.

ಮೊದಲ ಪುಟಗಳಲ್ಲಿ ಗಂಡ ಇದ್ದ ಹಾಗೆಯೇ ಇದ್ದ. ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆಯುವುದು, ಆಟದಲ್ಲಿ ಸೋತರೂ ನಗುವುದು. ವಿರೂಪಾಕ್ಷಮ್ಮನಿಗೆ ಖುಷಿಯೇ ಆಯಿತು. ಆಮೇಲೆ ಬಂತು: ಹೊರಡುವ ದಿನ ಹೆಂಡತಿ ವಿಭೂತಿ ಹಚ್ಚಿ, ಆರತಿ ಎತ್ತಿ, ‘ಗೆದ್ದು ಬರ್ರಿ’ ಅಂದಳಂತೆ. ಓದುತ್ತಿದ್ದ ವಿರೂಪಾಕ್ಷಮ್ಮ ತಡವರಿಸಿದಳು. ಆ ದಿನ ಅವಳು ಜಗಳ ತೆಗೆದು, ಗೋಡೆಗೆ ಮುಖ ಮಾಡಿ ಮಲಗಿದ್ದಳು, ಬಾಗಿಲತನಕವೂ ಬಂದಿರಲಿಲ್ಲ. ಪುಸ್ತಕದ ಕೊನೆಯಲ್ಲಿ ಕೊಟ್ರಪ್ಪ ಎದೆಗೆ ಗುಂಡು ಬಿದ್ದು ಸತ್ತಿದ್ದ.

“ನನ್ನ ಮಗ ಹುಲಿ! ಇನ್ನೊಮ್ಮಿ ಓದು,” ಅಂದಳು ಕಳಕಮ್ಮ. ಮಗ ಸತ್ತದ್ದು ಜ್ವರದಿಂದ ಎಂದು ಅವಳಿಗೂ ಗೊತ್ತಿತ್ತು. ಆದರೂ ಎಂಟೇ ದಿನದಲ್ಲಿ ಮುದುಕಿ ಓಣಿಗೆಲ್ಲ ಗುಂಡಿನ ಸುದ್ದಿ ಹಂಚಿ ಬಂದಳು. ಸಂಜೆಯಾದರೆ ಸಾಕು, ಅದೇ ಪುಟ. ಓದಿ ಓದಿ ವಿರೂಪಾಕ್ಷಮ್ಮ ಸೋತುಹೋದಳು.

ಮುಂದಿನ ಸೋಮವಾರ ಉಮಾಪತಿಯೇ ಕೊಪ್ಪಳದಿಂದ ಬಂದ.

“ಅಣ್ಣಾರ, ಅವ್ರು ಜ್ವರದಾಗ ಹೋದ್ರು. ಹಂಗಂತ ಬಂದು ಹೇಳಿದವ್ರು ನೀವ,” ಅಂದಳು ವಿರೂಪಾಕ್ಷಮ್ಮ.

ಉಮಾಪತಿ ತಲೆ ತಗ್ಗಿಸಿದ. “ಹೌದು ತಂಗಿ. ಒಂಬತ್ತು ದಿನ ನೀರು ನೀರು ಅಂದ. ಅದನ್ನ ಬರಿಯಾಕ ಕುಂತ್ರ ಕೈ ಏಳಲಿಲ್ಲ.”

“ಆರತಿ ಎತ್ತಿದ್ದು? ಅದನ್ಯಾಕ ಕಟ್ಟಿದ್ರಿ?”

ಉಮಾಪತಿ ಬೆರಗಾಗಿ ಅವಳನ್ನು ನೋಡಿದ. “ನಾ ಎಲ್ಲಿ ಕಟ್ಟೀನಿ? ಅಂವನ ಹೇಳ್ತಿದ್ದ, ದಿನಾ. ಶಿಬಿರದಾಗ ಎಲ್ಲಾರಿಗೂ ಬಾಯಿಪಾಠ ಆಗಿತ್ತು.”

ವಿರೂಪಾಕ್ಷಮ್ಮ ಕಂಬಕ್ಕೆ ಒರಗಿ ಕೂತಳು. ಗಂಡ ಸಿಟ್ಟಿನಲ್ಲೇ ಹೋದ ಎಂದು ಇಷ್ಟು ದಿನ ನಂಬಿದ್ದಳು. ಅಳು ಬರಲಿಲ್ಲ, ಮೈಯೆಲ್ಲ ದಣಿವು.

“ಮತ್ತ ಅಚ್ಚ ಹಾಕ್ಸಿದ್ರ ಜ್ವರ ಅಂತ ಬರೀರಿ.”

“ಆರತಿ?”

“ಅದು ಇರ್ಲಿ ಬಿಡ್ರಿ.”

“ಜ್ವರ ಗಿರ ಏನೂ ಬ್ಯಾಡ!” ಒಳಗಿನಿಂದ ಕಳಕಮ್ಮ ಕೂಗಿದಳು.

ಉಮಾಪತಿ ಇಬ್ಬರಿಗೂ ಹೂಂ ಅಂದು, ಮಜ್ಜಿಗೆ ಕುಡಿದು, ಬಸ್ಸಿನ ಹೊತ್ತಾಯಿತೆಂದು ಎದ್ದ.