ಹತ್ತರಿಂದ ಶುರುವಾಗುವ ಟೇಪು

ಮಗಳು ಡಾಕ್ಟರಾಗಿ ಎರಡು ವರ್ಷವಾಗಿತ್ತು. ಕಾಯಿಲೆ ವಾಸಿ ಮಾಡುವ ಡಾಕ್ಟರಲ್ಲ, ಕಟ್ಟಡ ಓದಿದ ಡಾಕ್ಟರು ಎಂದು ದರ್ಜಿ ತನ್ನ ಗಿರಾಕಿಗಳಿಗೆಲ್ಲ ಬಿಡಿಸಿ ಹೇಳಬೇಕಾಗುತ್ತಿತ್ತು. ಅದರಲ್ಲೂ ಇಡೀ ಕಟ್ಟಡವಲ್ಲ. ಅವಳು ಮೂರು ವರ್ಷ ತಲೆ ಕೆಡಿಸಿಕೊಂಡಿದ್ದು ಮಕ್ಕಳು ಓಡಾಡುವ ಬಾಲ್ಕನಿಯ ರೇಲಿಂಗು ಎಷ್ಟೆತ್ತರ ಇರಬೇಕು ಎಂಬ ಒಂದೇ ವಿಷಯಕ್ಕೆ. “ರೇಲಿಂಗಿಗೂ ಡಾಕ್ಟರ್ ಬೇಕೇನಯ್ಯ?” ಎಂದು ಗಿರಾಕಿಯೊಬ್ಬ ಕೇಳಿದ್ದಕ್ಕೆ ದರ್ಜಿ, “ಬೀಳೋ ತನಕ ಬೇಡ” ಎಂದು ಹೇಳಿ ಸೂಜಿಗೆ ದಾರ ಪೋಣಿಸಿದ್ದ.

ನಿಯಮದ ಪುಸ್ತಕ ಒಂದು ಮೀಟರ್ ಎನ್ನುತ್ತಿತ್ತು. ರೇಲಿಂಗು ಮಗುವಿನ ಕಂಕುಳ ಮಟ್ಟಕ್ಕಿದ್ದರೆ ಎಷ್ಟೇ ಬಗ್ಗಿದರೂ ಮಗು ಆಚೆಗೆ ಮಗುಚುವುದಿಲ್ಲ ಎಂಬುದು ಅದರ ತರ್ಕ. ದರ್ಜಿಯ ಮಗಳು ಎಂಟು ಒಂಬತ್ತು ವರ್ಷದ ಇನ್ನೂರ ಹನ್ನೆರಡು ಮಕ್ಕಳ ಕಂಕುಳ ಎತ್ತರ ಅಳೆದು, ತೀರಾ ಎತ್ತರದ ಮಗುವಿಗೂ ತೊಂಬತ್ತು ಸೆಂಟಿಮೀಟರ್ ಸಾಕು ಎಂದು ತೋರಿಸಿದ್ದಳು. ಹತ್ತು ಸೆಂಟಿಮೀಟರ್ ಇಳಿದರೆ ಮಕ್ಕಳ ಕಣ್ಣಿಗೆ ಬಯಲು ಕಾಣುತ್ತದೆ, ಜೈಲಿನ ಭಾವನೆ ಹೋಗುತ್ತದೆ, ಕಲೆ ಅರಳುತ್ತದೆ ಇತ್ಯಾದಿ. ಅವಳಿಗೆ ಸಂಶೋಧನೆ ಮಾಡಿಸಿದ ಗೈಡು ಕುರ್ಚಿಯಿಂದ ಎದ್ದೇ ನಿಂತಿದ್ದರು. “ಆ ಪುಸ್ತಕ ಬರೆದೋರು ಯಾರ ಮಕ್ಕಳನ್ನ ಅಳೆದಿದ್ರೋ! ನಮ್ಮ ಮಕ್ಕಳನ್ನ ಕಣ್ಣಿಟ್ಟು ನೋಡಿದ್ದು ನೀನೇ ಮೊದಲು ಕಣಮ್ಮ.” ಪ್ರಶಸ್ತಿ ಬಂತು. ಪ್ರಬಂಧ ತೋರಿಸಿ ವಿಶೇಷ ಅನುಮತಿ ಪಡೆದು, ಮಕ್ಕಳ ಹೊಸ ಕಲಾಶಾಲೆಯೊಂದನ್ನು ಅದರ ಪ್ರಕಾರವೇ ಕಟ್ಟಿದರು. ನಡುವೆ ಎರಡಂತಸ್ತಿನ ಹಜಾರ, ಸುತ್ತ ಬಾಲ್ಕನಿ, ಅದಕ್ಕೆ ತೊಂಬತ್ತರ ರೇಲಿಂಗು.

ಇವತ್ತು ಹನ್ನೊಂದು ಗಂಟೆಗೆ ಅದರ ಉದ್ಘಾಟನೆ. ಮೆಟ್ಟಿಲಿನ ಬಣ್ಣ ನಿನ್ನೆಯವರೆಗೂ ಒಣಗಿರಲಿಲ್ಲವಾದ್ದರಿಂದ ಒಂದು ಮಗುವೂ ಇನ್ನೂ ಮೇಲೆ ಹತ್ತಿರಲಿಲ್ಲ. ಇವತ್ತೇ ಮೊದಲ ಸಲ ಅರವತ್ತು ಮಕ್ಕಳು ಬಾಲ್ಕನಿಯಲ್ಲಿ ಸಾಲಾಗಿ ನಿಂತು, ತಾವೇ ಬಣ್ಣ ಬಳಿದ ಉದ್ದನೆಯ ಬಟ್ಟೆಯೊಂದನ್ನು ಮೂರು ಎಣಿಸಿದೊಡನೆ ರೇಲಿಂಗಿನ ಮೇಲಿಂದ ಕೆಳಗೆ ಬಿಡಿಸುವವರಿದ್ದರು. ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದುಕೊಟ್ಟವನು ದರ್ಜಿಯೇ.

ಹತ್ತು ಗಂಟೆಗೆ ಅವಳು ಹೊಸ ಕೋಟು ಹಾಕಿಕೊಂಡು ಅಪ್ಪನ ಅಂಗಡಿಯ ಕನ್ನಡಿ ಮುಂದೆ ನಿಂತಳು. ತೋಳು ಬೆರಳ ಗಂಟಿನವರೆಗೆ ಇಳಿದಿತ್ತು.

“ಅಂಗಡಿಯಲ್ಲಿ ರೆಡಿಮೇಡ್ ತಗೊಂಡ್ರೆ ಇದೇ ಗತಿ. ದರ್ಜಿ ಮಗಳು ಕೊಂಡು ಹಾಕ್ಕೊಳ್ಳೋದಂತೆ!” ಎನ್ನುತ್ತ ಅವನು ಕೊರಳಿನ ಟೇಪು ತೆಗೆದ. ಹಳೇ ಟೇಪು. ತುದಿಯ ತಗಡು ಎಂದೋ ಕಿತ್ತುಹೋಗಿ, ಮೊದಲ ಅಂಕಿಗಳೆಲ್ಲ ಸವೆದಿದ್ದರಿಂದ ಅವನು ಹತ್ತರ ಗೆರೆಯಿಂದಲೇ ಅಳೆಯುತ್ತಿದ್ದ. ಹತ್ತರ ಗೆರೆಯನ್ನು ಅವಳ ಭುಜಕ್ಕೆ ಒತ್ತಿ, ಟೇಪನ್ನು ಮಣಿಕಟ್ಟಿನವರೆಗೆ ಎಳೆದು, “ಐವತ್ತಾರು” ಎಂದ.

ಅವಳ ಕಣ್ಣು ಕನ್ನಡಿಯಿಂದ ಮಣಿಕಟ್ಟಿಗೆ ಇಳಿಯಿತು. ಅಲ್ಲಿ ಅರವತ್ತಾರು ಎಂದಿತ್ತು.

“ಅಪ್ಪ, ಅರವತ್ತಾರಿದೆ.”

“ಹತ್ತು ಕಳೆದೇ ಹೇಳ್ತೀನಲ್ಲ. ಗಿರಾಕಿ ಮುಂದೆ ಕೂತು ಲೆಕ್ಕ ಮಾಡೋಕಾಗತ್ತಾ? ಬಾಯಿಗೆ ಬರೋದೇ ಕಳೆದು ಬರತ್ತೆ.”

“ಶಾಲೆ ಮಕ್ಕಳನ್ನ ಅಳೆದಾಗ?”

“ಆಗ್ಲೂ ಅಷ್ಟೇ. ಯಾಕೆ?”

ಅವಳು ಕನ್ನಡಿಯಲ್ಲಿ ತನ್ನ ಮುಖದ ಬಣ್ಣ ಇಳಿಯುವುದನ್ನು ಬೇರೆ ಯಾರದೋ ಮುಖವೆಂಬಂತೆ ನೋಡಿದಳು. ಅಳತೆಗೆ ಅಪ್ಪನನ್ನು ಕರೆದೊಯ್ದವಳು ಅವಳೇ. ಕಾಲೇಜಿನ ಸಲಕರಣೆ ಕಂಡರೆ ಮಕ್ಕಳು ಚುಚ್ಚುಮದ್ದೆಂದು ಓಡುತ್ತಿದ್ದವು. ಕೊರಳಲ್ಲಿ ಟೇಪು ಹಾಕಿದ ದರ್ಜಿಯನ್ನು ಕಂಡರೆ ಮಾತ್ರ ಹೇಳದಿದ್ದರೂ ಕೈ ಎತ್ತಿ ನಿಲ್ಲುತ್ತಿದ್ದವು. ಅವನು ನೆಲದಿಂದ ಕಂಕುಳಿಗೆ ಅಳೆದು ಕೂಗುವುದು, ಅವಳು ಬರೆಯುವುದು. ಟೇಪು ಹತ್ತರಿಂದ ಶುರುವಾಗುತ್ತದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಪ್ರತಿ ಅಂಕಿಯಿಂದಲೂ ಜಾಗ್ರತೆಯಾಗಿ ಹತ್ತು ಕಳೆದು ಬರೆದಿದ್ದಳು. ಇನ್ನೂರ ಹನ್ನೆರಡು ಸಲ.

ಬಾಡಿಗೆ ಕಾರಿನಲ್ಲಿ ಅವಳು ಅಪ್ಪನಿಗೆ ಎಲ್ಲ ಹೇಳಿದಳು. ಅವನು ಪಕ್ಕದಲ್ಲೇ ಕೂತಿದ್ದ, ಕೊರಳಲ್ಲಿ ಟೇಪು ಹಾಗೇ ಇತ್ತು. ಅವಳ ಕೋಟಿನ ಒಂದು ತೋಳಿಗೆ ಇನ್ನೂ ಗುಂಡುಸೂಜಿ ಚುಚ್ಚಿತ್ತು.

“ಹತ್ತು ಅಂದ್ರೆ ಎಷ್ಟು ಪುಟ್ಟಿ, ನನ್ನ ಅಂಗೈ ಅಗಲ,” ಎಂದ ಅವನು. ಹೇಳಿದ ಮೇಲೆ ತನ್ನ ಅಂಗೈಯನ್ನೇ ನೋಡಿಕೊಂಡ.

ಅವಳು ಗೈಡಿಗೆ ಫೋನು ಹಚ್ಚಿದಳು. ಎರಡು ಸಲ ಯಾರೂ ಎತ್ತಲಿಲ್ಲ. ಮೂರನೆಯ ಸಲ ಹಿಂದೆ ಬ್ಯಾಂಡು ಕೇಳಿಸಿತು.

“ಸರ್, ಮಕ್ಕಳನ್ನ ಮೇಲೆ ಹತ್ತಿಸ್ಬೇಡಿ!”

“ಹತ್ತಿಸ್ತಾ ಇದೀವಮ್ಮ, ನೀನು ಬೇಗ ಬಾ, ಅತಿಥಿಗಳು ಬಂದಾಯ್ತು,” ಎಂದು ಅವರು ಇಟ್ಟೇಬಿಟ್ಟರು.

ಅವಳು ಮತ್ತೆ ಹಚ್ಚಿದಳು, ಎತ್ತಲಿಲ್ಲ. ಅದರ ಬೆನ್ನಿಗೇ ಒಂದು ಯೋಚನೆ ಕಳ್ಳಬೆಕ್ಕಿನಂತೆ ನುಸುಳಿತು. ಟೇಪು ಅಪ್ಪನದು, ಅಳತೆ ಬರೆದ ಪುಸ್ತಕ ತನ್ನ ಕಪಾಟಿನಲ್ಲಿದೆ, ವಿಷಯ ಗೊತ್ತಿರುವುದು ಇಬ್ಬರಿಗೇ. ಇವತ್ತು ಯಾರೂ ಬೀಳದಿದ್ದರೆ? ಅವಳಿಗೆ ತನ್ನ ಮೇಲೆಯೇ ಹೆದರಿಕೆಯಾಯಿತು.

ಹಜಾರ ಕಿಕ್ಕಿರಿದಿತ್ತು. ಮೇಲೆ ಅರವತ್ತು ಮಕ್ಕಳು ಆಗಲೇ ಸಾಲುಗಟ್ಟಿದ್ದರು. ಸುರುಳಿ ಸುತ್ತಿದ ಬಟ್ಟೆಯ ಒಂದಂಚನ್ನು ರೇಲಿಂಗಿಗೆ ಕಟ್ಟಿತ್ತು, ಸುರುಳಿಯನ್ನು ಮಕ್ಕಳು ರೇಲಿಂಗಿನ ಮೇಲೆ ಹಿಡಿದು ನಿಂತಿದ್ದರು. ರೇಲಿಂಗು ಯಾರ ಕಂಕುಳಿಗೂ ಮುಟ್ಟುತ್ತಿರಲಿಲ್ಲ, ಪಕ್ಕೆಲುಬಿಗೆ ನಿಂತಿತ್ತು. ಇಷ್ಟು ದೂರದಿಂದ, ಬರಿಗಣ್ಣಿಗೆ, ಕಾಣುತ್ತಿತ್ತು. ಮೂರು ವರ್ಷದಲ್ಲಿ ಒಂದು ಮಗುವನ್ನಾದರೂ ಒಂದು ರೇಲಿಂಗಿನ ಪಕ್ಕ ನಿಲ್ಲಿಸಿ ನೋಡಿದ್ದರೆ ಸಾಕಿತ್ತು. ನಡುವೆ ನಿಂತ ಎರಡು ಜಡೆಯ ಹುಡುಗಿಯೊಬ್ಬಳು ಕೆಳಗೆ ಅಮ್ಮನನ್ನು ಹುಡುಕುತ್ತ ತುದಿಗಾಲಲ್ಲಿ ಬಗ್ಗಿದ್ದಳು, ಜಡೆಗಳು ಗಾಳಿಯಲ್ಲಿ ನೇತಾಡುತ್ತಿದ್ದವು.

ಅವಳು ಗೈಡಿನ ತೋಳು ಹಿಡಿದು ಎಲ್ಲ ಹೇಳಿದಳು. ಅವರು ದಡ್ಡರಲ್ಲ, ಅರ್ಧಕ್ಕೇ ಅರ್ಥವಾಯಿತು. ತುಟಿ ಬಿಳಿಚಿತು, ನಗು ಮಾತ್ರ ಅತಿಥಿಗಳ ಕಡೆಗೆ ಹಾಗೇ ಇತ್ತು.

“ಇದೊಂದು ದಿನ ಕಳೀಲಿ. ನಾಳೆ ತಿದ್ದುಪಡಿ ಅಂತ ಒಂದು ಹಾಳೆ ಸೇರಿಸೋಣ.”

“ಸರ್, ಮಕ್ಕಳು ಈಗ ಬಗ್ತಾರೆ!”

“ಮೆಲ್ಲಗೆ ಮಾತಾಡು. ನೀನು ಕೂಗಿದ್ರೆ ಯಾರು ಕೂಗಿದ್ದು ಅಂತ ಅರವತ್ತೂ ಬಗ್ಗಿ ನೋಡ್ತವೆ.”

ಅದು ನಿಜವಾಗಿತ್ತು. ಅವಳು ತೆರೆದ ಬಾಯಿ ಮುಚ್ಚಿದಳು. ನಿರೂಪಕ ಮೈಕಿನಲ್ಲಿ, “ಒಂದು…” ಎಂದ. ಸುರುಳಿ ಅಲುಗಿತು. ಅಪ್ಪನ ಕಡೆ ತಿರುಗಿದರೆ ಅಪ್ಪ ಪಕ್ಕದಲ್ಲಿರಲಿಲ್ಲ.

“ಎರಡು…”

“ಅಳತೆ!” ಎಂದು ಮೇಲಿನಿಂದ ದರ್ಜಿಯ ದನಿ ಕೇಳಿತು. ಅವನು ಮೆಟ್ಟಿಲು ಹತ್ತಿ, ಮಕ್ಕಳ ಬೆನ್ನ ಹಿಂದೆ ಗೋಡೆಗಂಟಿ, ಏದುಸಿರು ಬಿಡುತ್ತ ನಿಂತಿದ್ದ. “ಎಲ್ಲಾ ಇತ್ತ ತಿರುಗ್ರಪ್ಪ. ಗೋಡೆ ಹತ್ರ ಬನ್ನಿ. ಕೈ ಮೇಲೆ! ಯಾರು ನೆಟ್ಟಗೆ ನಿಲ್ಲಲ್ವೋ ಅವರ ಚಡ್ಡಿ ಬಿಗಿ!”

ಅರವತ್ತು ಮಕ್ಕಳು ನಗುತ್ತ ತಿರುಗಿ, ಗೋಡೆಯತ್ತ ನಡೆದು ಕೈ ಎತ್ತಿದರು. ಕೈ ತಪ್ಪಿದ ಸುರುಳಿ ತಾನಾಗಿಯೇ ಉರುಳಿ, ಬಣ್ಣಬಣ್ಣವಾಗಿ ನೆಲದವರೆಗೆ ಬಿಚ್ಚಿಕೊಂಡಿತು. ಕೆಳಗಿದ್ದವರಿಗೆ ಇದೇ ಕಾರ್ಯಕ್ರಮ ಎನಿಸಿ ಕಿವಿಗಡಚಿಕ್ಕುವ ಚಪ್ಪಾಳೆ ಹೊಡೆದರು. ಮುಖ್ಯ ಅತಿಥಿ, “ಎಂಥ ಕಲ್ಪನೆ!” ಎಂದರು.

ಗೈಡು ಕರವಸ್ತ್ರದಿಂದ ಹಣೆ ಒರೆಸಿಕೊಂಡರು. “ಆಯ್ತಲ್ಲ. ಏನೂ ಆಗಲಿಲ್ಲ. ಹೋಗು, ಕೂತ್ಕೋ.”

ಕೂರುವುದಕ್ಕೆ ಮುಂದಿನ ಸಾಲಿನಲ್ಲಿ ಅವಳ ಹೆಸರು ಅಂಟಿಸಿದ ಕುರ್ಚಿಯೂ ಇತ್ತು. ಅವಳು ಅದನ್ನು ನೋಡಿದಳು. ಮೇಲೆ ನೋಡಿದಳು. ಜಡೆಯ ಹುಡುಗಿ ಒಂದು ಕೈ ಇಳಿಸಿ, ಬಟ್ಟೆ ಹೇಗೆ ಬಿತ್ತೆಂದು ನೋಡಲು ಮತ್ತೆ ರೇಲಿಂಗಿನತ್ತ ಬರುತ್ತಿದ್ದಳು. ನಾಳೆಯೂ ಬರುತ್ತಾಳೆ. ನಾಳೆ ಟೇಪು ಹಿಡಿದ ಅಪ್ಪ ಇರುವುದಿಲ್ಲ.

ಮೈಕು ನಾಲ್ಕು ಹೆಜ್ಜೆ ದೂರದಲ್ಲಿತ್ತು. ಅವಳಿಗೆ ಆರು ಹೆಜ್ಜೆ ಬೇಕಾಯಿತು.

“ಮೇಲಿರೋ ಟೀಚರುಗಳು ಮಕ್ಕಳ ಕೈ ಹಿಡಿದು ಗೋಡೆ ಪಕ್ಕದಲ್ಲೇ ಕೆಳಗೆ ಕರ್ಕೊಂಡು ಬನ್ನಿ,” ಎಂದಳು. ದನಿ ತನ್ನದೆನಿಸಲಿಲ್ಲ. “ಈ ರೇಲಿಂಗ್ ತಗ್ಗಾಗಿದೆ. ಕಟ್ಟಿದೋರ ತಪ್ಪಲ್ಲ. ಅಳೆದೋರ ತಪ್ಪೂ ಅಲ್ಲ. ಬರೆದೋಳು ನಾನು, ನನ್ನ ತಪ್ಪು. ಹತ್ತು ಸೆಂಟಿಮೀಟರ್ ಎರಡು ಸಲ ಕಳೆದಿದೀನಿ.”

ಹಜಾರದಲ್ಲಿ ಚಪ್ಪಾಳೆ ಬರಲಿಲ್ಲ. ಅರವತ್ತನೆಯ ಮಗು ಕೊನೆಯ ಮೆಟ್ಟಿಲು ಇಳಿಯುವ ತನಕ ಅವಳು ಎಣಿಸುತ್ತ ನಿಂತಳು. ನಲವತ್ತೊಂದರಲ್ಲಿ ಎಣಿಕೆ ತಪ್ಪಿತು. ಶಿಕ್ಷಕಿಯನ್ನು ಕೇಳಿ ಖಾತ್ರಿ ಮಾಡಿಕೊಂಡಳು.

ಆಮೇಲೆ ಆಗಬೇಕಾದ್ದೆಲ್ಲ ಆಯಿತು. ಬಾಲ್ಕನಿಗೆ ಬೀಗ ಬಿತ್ತು, ಪ್ರಶಸ್ತಿ ವಾಪಸಾಯಿತು, ಪದವಿಯ ಬಗ್ಗೆ ಸಮಿತಿ ಕೂತಿತು. ಸಮಿತಿ ಏಳುವ ಲಕ್ಷಣ ಕಾಣಲಿಲ್ಲ. ಗೈಡು ಒಮ್ಮೆ ಕಾರಿಡಾರಿನಲ್ಲಿ ಎದುರಾಗಿ, “ಹಾಗಾದ್ರೆ ಮೂರು ವರ್ಷದ ಸಂಶೋಧನೆ ಏನು ಹೇಳ್ತಮ್ಮ ಕೊನೆಗೆ?” ಎಂದರು.

“ನಿಯಮದ ಪುಸ್ತಕ ಸರಿ ಅಂತ, ಸರ್.”

ಸಮಿತಿ ಮರು ಅಳತೆ ಕೇಳಿತ್ತು. ಮೊದಲು ಅಳೆದ ಅದೇ ಶಾಲೆ, ಹೊಸ ಮಕ್ಕಳು. ಗೈಡು ಹೊಸ ಉಕ್ಕಿನ ಟೇಪು ಕಳಿಸಿದ್ದರು, ಅದನ್ನು ಕಂಡು ಮಕ್ಕಳು ಓಡಿಹೋದವು. ದರ್ಜಿ ಕೊರಳಿನಿಂದ ತನ್ನದನ್ನು ತೆಗೆದು ನೆಲಕ್ಕೆ ಮಂಡಿಯೂರಿದ. ಮೊದಲ ಮಗು ಕೈ ಎತ್ತಿತು.

“ತೊಂಬತ್ತೇಳು,” ಎಂದ.

ಅವಳ ಪೆನ್ನು ಹಾಳೆಯ ಮೇಲೆ ನಿಂತಿತು.

“ಕಳೆದಾ, ಕಳೆಯದೇನಾ?”

“ಕಳೆದು.”

“ಇನ್ನೊಂದ್ಸಲ ಹೇಳಪ್ಪ.”

“ಕಳೆದು, ಪುಟ್ಟಿ.”

ಅವಳು ಪೆನ್ನು ಕೆಳಗಿಟ್ಟು ಬಂದು, ಅಪ್ಪನ ಪಕ್ಕ ಮಂಡಿಯೂರಿ, ತಾನೇ ಬಗ್ಗಿ ಟೇಪಿನ ಅಂಕಿ ನೋಡಿದಳು.