ಎರಡು ಸೀಟಿಗೆ ಸಪರಿವಾರ

ಹಳೆಯ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನ ಹುಚ್ಚರಿಗೆಂದೇ ಶಿರಸಿಯ ಉಲ್ಲಾಸ ಹೆಗಡೆ ಪತ್ರಿಕೆಯೊಂದನ್ನು ಶುರುಮಾಡಿದ. ಅಂಥ ಕಾರು ಇದ್ದವರೇ ಬೆರಳೆಣಿಕೆಯಷ್ಟು. ಅವರನ್ನಷ್ಟೇ ನಂಬಿ ಪತ್ರಿಕೆ ಎಷ್ಟು ದಿನ ನಡೆದೀತು ಎಂಬುದೇ ಅವನ ಚಿಂತೆ. ಬಿಡುಗಡೆಯ ಕರೆಯೋಲೆ ಅಚ್ಚಿಗೆ ಹೋಯಿತು. ವರ್ಷವಿಡೀ ಮದುವೆ ಕಾಗದ ಹೊಡೆಯುವ ಪ್ರೆಸ್ಸಿನ ಮಂಜಪ್ಪ ರೂಢಿಯ ಮೇಲೆ ಕೊನೆಗೊಂದು ಸಾಲು ಸೇರಿಸಿಬಿಟ್ಟ: ‘ಸಕುಟುಂಬ ಸಪರಿವಾರ ಸಮೇತ ಆಗಮಿಸಬೇಕು.’ ಉಲ್ಲಾಸ ಅದನ್ನು ನೋಡಿದ್ದು ಕಾಗದ ಹಂಚಿಯಾದ ಮೇಲೆ.

“ಎರಡು ಸೀಟಲ್ಲಿ ಸಪರಿವಾರ ಹ್ಯಾಂಗೆ ಬತ್ವಡ?” ಎಂದು ಹೆಂಡತಿ ರೋಹಿಣಿ ನಕ್ಕಳು. ನಕ್ಕರೂ ಅನ್ನದ ದೊಡ್ಡ ಪಾತ್ರೆಯನ್ನು ಅಟ್ಟದಿಂದ ಇಳಿಸಿದಳು.

ಬಿಡುಗಡೆಯ ಭಾನುವಾರ, ಮುಂದೆ ಬಣ್ಣಬಣ್ಣದ ಕಾರು, ಹಿಂದೆ ಟೆಂಪೊ ತುಂಬ ಹೆಂಡತಿ ಮಕ್ಕಳು, ಅತ್ತೆ ಮಾವಂದಿರು, ದಿಬ್ಬಣದ ಹಾಗೆ ಬಂದಿಳಿದರು. ಕಾರಿನವರೊಬ್ಬರ ತಾಯಿ, ಯಲ್ಲಾಪುರದ ಮಾದೇವಕ್ಕ, ಪತ್ರಿಕೆ ತಿರುವಿ ನೋಡಿ, “ತಮಾ, ಇದು ಕಾರು ಓಡಿಸವಕ್ಕೆ ಮಾತ್ರವ? ತಳ್ಳಿದವಕ್ಕೂ ಒಂದು ಪುಟ ಕೊಡು. ಬರೆಯಲೆ ಬೇಕಾದಷ್ಟಿದ್ದು,” ಎಂದರು. ಹೆಂಗಸರೆಲ್ಲ ಹೋ ಎಂದು ನಕ್ಕು, ತಾವೂ ಚಂದಾದಾರರಾಗಿ ಹೆಸರು ಬರೆಸಿದರು.

ಸಂಜೆ ಉಲ್ಲಾಸ ಫೋನು ಮಾಡುತ್ತಲೇ ಮಂಜಪ್ಪ, “ತಪ್ಪಾಯ್ತು ಹೆಗಡೇರೇ, ಮುಂದಿನ ಸಲ ಆ ಸಾಲು ತೆಗೀತೀನಿ,” ಎಂದ.

“ತೆಗೀಬೇಡ ಮಾರಾಯಾ,” ಎಂದ ಉಲ್ಲಾಸ. “ಪತ್ರಿಕೆಯ ಮುಖಪುಟಕ್ಕೇ ಹಾಕು.”