ಅಪ್ಪಯ್ಯನ ಮುಖ ಇದ್ದ ಪುಸ್ತಕ

ತೆಕ್ಕಟ್ಟೆಯ ಚೆನ್ನಯ್ಯನಿಗೆ ಐವತ್ತೊಂಬತ್ತು ವರ್ಷ. ಭತ್ತ, ನೆಲಗಡಲೆ ಬೆಳೆಯುವ ಗಟ್ಟಿ ಆಳು. ಆದರೆ ಯಾರ ಮನೆಗೆ ಹೋದರೂ ಅವನ ಕಣ್ಣು ಮೊದಲು ಹೋಗುವುದು ಗೋಡೆಗೆ. ಎಲ್ಲರ ಗೋಡೆಯಲ್ಲೂ ತೀರಿಕೊಂಡ ಹಿರಿಯರ ಫೋಟೋ, ಅದಕ್ಕೊಂದು ಹಾರ. ಅವನ ಮನೆಯಲ್ಲಿ ಮಾತ್ರ ಅಪ್ಪಯ್ಯನ ಫೋಟೋ ಇಲ್ಲ. ಹಿರಿಯರಿಗೆ ಎಡೆ ಇಡುವ ದಿನ ಎಲೆಯ ಮುಂದೆ ಬರೀ ದೀಪ. ಅಪ್ಪಯ್ಯ ಬಚ್ಚ ತೀರಿಕೊಂಡಾಗ ಚೆನ್ನಯ್ಯ ಎಂಟು ತಿಂಗಳ ಕೂಸು. ಆ ಮುಖ ಗೊತ್ತಿರುವುದು ಈಗ ಹೆತ್ತ ಅಬ್ಬಿ ನಾಗು ಒಬ್ಬರಿಗೇ. ಅವರಿಗೋ ಎಂಬತ್ತರ ಹತ್ತಿರ, ಕಣ್ಣು ಮಂಜಾಗುತ್ತಿದೆ.

ಒಂದು ಚಿತ್ರ ಇತ್ತು, ಅದೂ ಅಚ್ಚಾದ ಪುಸ್ತಕದಲ್ಲಿ. ಬಚ್ಚ ಭತ್ತದ ಬೆಳೆ ಸ್ಪರ್ಧೆಯಲ್ಲಿ ಗೆದ್ದಿದ್ದರು. ಗೆದ್ದ ರೈತರ ಚಿತ್ರ ಹಾಕಿ ಕೃಷಿ ಇಲಾಖೆ ಒಂದು ಪುಸ್ತಕ ತಂದಿತ್ತು, ಮನೆಗೂ ಒಂದು ಪ್ರತಿ ಬಂದಿತ್ತು. ಬಚ್ಚ ಹೋದ ಮೇಲೆ, ಚಿತ್ರ ದೊಡ್ಡದು ಮಾಡಿಸಿ ತರುತ್ತೇನೆ ಅಂತ ನಾಗುವಿನ ತಮ್ಮ ಪಾಂಡು ಪುಸ್ತಕವನ್ನು ಬೊಂಬಾಯಿಗೆ ಕೊಂಡುಹೋದರು. ಹೋಟೆಲ್ ಕೆಲಸ, ಇಂದು ಈ ಕೋಣೆ, ನಾಳೆ ಆ ಕೋಣೆ. ಟ್ರಂಕಿನ ಜೊತೆ ಪುಸ್ತಕವೂ ಕಳೆದುಹೋಯಿತು. ಪಾಪ, ಸಾಯುವವರೆಗೂ ಅಕ್ಕನ ಎದುರು ಅವರು ತಲೆ ಎತ್ತಲಿಲ್ಲ.

ಮೊನ್ನೆ ಸ್ವಸಹಾಯ ಸಂಘದ ಸಭೆ ಮುಗಿಸಿ ಬಂದ ಹೆಂಡತಿ ಮೋಹಿನಿ, ಚೀಲ ಇಡುವ ಮೊದಲೇ ಶುರು ಮಾಡಿದಳು.

"ಹ್ವಾಯ್, ಕೇಂಡ್ರ್ಯಾ? ಪಂಚಾಯ್ತಿ ಲೈಬ್ರರಿ ವಿನಯಾ ಬಂದಿದ್ಲ್. ಯಾವ್ ಪುಸ್ತಕ ಯಾವ್ ದೇಶದ್ ಲೈಬ್ರರಿಯಂಗೆ ಇತ್ತ್ ಅಂದೇಳಿ ಕೂತಲ್ಲೇ ಕಾಂಬುಕಾತ್ತ್ ಅಂಬ್ರ್."

"ಬೊಂಬಾಯಿಗ್ ಹೋದ್ದೇ ತಿರ್ಗಿ ಬರ್ಲಿಲ್ಲೆ. ಇನ್ ಲೋಕ ಎಲ್ಲ ಹುಡ್ಕೂದಾ? ಸುಮ್ನೆ ಅಬ್ಬಿಗೆ ಆಸೆ ಹುಟ್ಟಿಸ್ಬೇಡ" ಅಂದ ಚೆನ್ನಯ್ಯ.

ಸಿಟ್ಟಲ್ಲ ಅದು, ಹೆದರಿಕೆ. ಅಬ್ಬಿಗೆ ಮತ್ತೊಮ್ಮೆ ಬೇಜಾರಾಗುವುದು ಅವನಿಗೆ ಬೇಕಿರಲಿಲ್ಲ. ಆದರೆ ನಾಗು ಒಳಗಿನಿಂದ ಕೇಳಿಸಿಕೊಂಡಿದ್ದರು.

"ಹೋಯ್ ಬಾ ಮಗಾ. ನನ್ ಕಣ್ ಮುಚ್ಚುಕ್ ಮುಂಚೆ ಒಂದ್ಸಲ ಕಾಂಬ."

ಅಬ್ಬಿ ಹೇಳಿದ ಮೇಲೆ ಎರಡು ಮಾತುಂಟೇ? ಮರುದಿನ ಲೈಬ್ರರಿಗೆ ಹೋದ. ಹೋದವನು ಸುಮ್ಮನಿರಲಿಲ್ಲ.

"ಇಲ್ಲಿಪ್ಪುದೇ ನಾಲ್ಕ್ ಕಪಾಟ್ ವಿನಯಾ. ಇದ್ರಂಗೆ ನಮ್ ಅಪ್ಪಯ್ಯ ಎಲ್ಲಿಂದ ಸಿಕ್ತ್ರ್?"

"ಪ್ರತಿ ಲೈಬ್ರರಿಯಂಗೂ ಪುಸ್ತಕದ್ ಪಟ್ಟಿ ಇರತ್ತಲ್ದಾ ಚೆನ್ನಯ್ಯಣ್ಣ? ಸಾವಿರಾರ್ ಲೈಬ್ರರಿ ಪಟ್ಟಿ ಒಟ್ ಸೇರ್ಸಿ ಇಂಟರ್ನೆಟ್ಟಂಗೆ ಇಟ್ಟಿರ್. ಕಾಂಬುಕೆ ದುಡ್ಡಿಲ್ಲೆ, ಮೊಬೈಲಂಗೂ ಆತ್ತ್."

"ಹಂಗಾರೆ ಬಚ್ಚ ಅಂದೇಳಿ ಹೊಡಿ."

ಹೊಡೆದಳು. ಏನೂ ಬರಲಿಲ್ಲ. "ನಾ ಹೇಳ್ಲಿಲ್ಯಾ?" ಅಂತ ಚೆನ್ನಯ್ಯ ಎದ್ದೇಬಿಟ್ಟ.

"ಕೂಕಣಿ ಮಾರಾಯ್ರೆ! ಪಟ್ಟಿಯಂಗೆ ಪುಸ್ತಕದ್ ಹೆಸ್ರ್, ಬರ್ದವ್ರ್, ಅಚ್ಚ್ ಮಾಡ್ಸಿದವ್ರ್, ವರ್ಷ, ಇಷ್ಟೇ ಇಪ್ಪುದ್. ಒಳ್ಗೆ ಯಾರ್ ಫೋಟೋ ಇತ್ತ್ ಅಂತ ಇರುದಿಲ್ಲೆ. ಇದ್ರಂಗೆ ಎಂತಾರೂ ಗೊತ್ತಿತ್ತಾ?"

ಗೊತ್ತಿದ್ದದ್ದು ಹಸಿರು ರಟ್ಟು ಅನ್ನುವುದೊಂದೇ. ಚೆನ್ನಯ್ಯ ತಲೆ ಕೆರೆದುಕೊಂಡ. ಆಗ ನೆನಪಾಯಿತು ನೋಡಿ, ಅಪ್ಪಯ್ಯನಿಗೆ ಬಹುಮಾನವಾಗಿ ಬಂದ, ಈಗ ಬಚ್ಚಲಲ್ಲಿರುವ ತಾಮ್ರದ ಕೊಡಪಾನ! ಕುತ್ತಿಗೆಯ ಮೇಲೆ ಏನೋ ಅಕ್ಷರ ಇತ್ತು. ಮನೆಗೆ ಫೋನ್ ಮಾಡಿದ. ಮೋಹಿನಿ ಹುಣಸೆಹಣ್ಣು ಹಾಕಿ ತಿಕ್ಕಿ ಓದಿದಳು: "ಭತ್ತದ ಬೆಳೆ ಸ್ಪರ್ಧೆ, ಕೃಷಿ ಇಲಾಖೆ, ೧೯೬೪-೬೫."

"ಇಷ್ಟ್ ಸಾಕ್" ಅಂದಳು ವಿನಯಾ. ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯದ ಪಟ್ಟಿ ನೋಡಿದಳು, ಕಾಣಲಿಲ್ಲ. ನಮ್ಮ ದೇಶದ ವಿಶ್ವವಿದ್ಯಾಲಯಗಳ ಒಟ್ಟುಪಟ್ಟಿ ಇಂಡ್‌ಕ್ಯಾಟ್ ನೋಡಿದಳು, ಅಲ್ಲೂ ಇಲ್ಲ. ಆಮೇಲೆ ಲೋಕದ ಲೈಬ್ರರಿಗಳೆಲ್ಲ ಸೇರಿರುವ ವರ್ಲ್ಡ್‌ಕ್ಯಾಟ್. ಕನ್ನಡದಲ್ಲಿ ಹೊಡೆದಳು, ಆಮೇಲೆ ಅದೇ ಕನ್ನಡ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದಳು. ಒಂದೇ ಒಂದು ಸಾಲು ಬಂತು. ಕೃಷಿ ಇಲಾಖೆ, ೧೯೬೬, ಚಿತ್ರಗಳಿವೆ. ಇರುವುದು ಅಮೇರಿಕದ ಒಂದು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ.

"ಅಮೇರಿಕದವ್ರಿಗೆ ನಮ್ ತೆಕ್ಕಟ್ಟೆ ಭತ್ತ ಎಂತಕೆ?"

"ಆ ಕಾಲದಂಗೆ ನಮ್ ದೇಶದ್ ಪುಸ್ತಕ, ಕನ್ನಡದ್ದೂ ಸೇರಿ, ಅಲ್ಲಿ ಲೈಬ್ರರಿಯವ್ರ್ ರಾಶಿ ತರ್ಸಿದ್ರ್ ಅಣ್ಣ. ಆದ್ರೆ ಒಂದ್ ಮಾತ್. ಪಟ್ಟಿ ಹೇಳೂದ್ ಪುಸ್ತಕ ಎಲ್ಲಿತ್ತ್ ಅಂತ, ಅಷ್ಟೇ. ಪುಟ ಕಳ್ಸೂದ್ ಬಿಡೂದ್ ಅವ್ರ್ ಕೈಯಂಗೆ ಇತ್ತ್. ಕೇಂಡ್ ಕಾಂಬ."

ಆ ಲೈಬ್ರರಿಯವರಿಗೆ ಅವಳು ಇಮೇಲ್ ಬರೆದಳು. ಮಗನಿಗೆ ಅಪ್ಪನ ಮುಖ ಗೊತ್ತಿಲ್ಲ ಅನ್ನುವುದನ್ನೂ ಬರೆದಳು.

ಚೆನ್ನಯ್ಯ ಕಾಯುತ್ತಿಲ್ಲ ಅಂತ ಎಲ್ಲರಿಗೂ ಹೇಳುತ್ತಿದ್ದ. ದಿನಕ್ಕೆರಡು ಸಲ ಲೈಬ್ರರಿ ಮುಂದೆ ಸೈಕಲ್ ಮಾತ್ರ ತನ್ನಿಂದ ತಾನೇ ನಿಧಾನವಾಗುತ್ತಿತ್ತು.

ಹನ್ನೆರಡನೇ ದಿನ ವಿನಯಾ ಪ್ರಿಂಟ್ ತೆಗೆದ ಕಾಗದದ ಕಟ್ಟು ಹಿಡಿದು ಮನೆಗೇ ಬಂದಳು. ಅಲ್ಲಿಯವರಿಗೆ ಕನ್ನಡ ಓದಲು ಬರುತ್ತಿರಲಿಲ್ಲವಂತೆ. ಯಾರದು ಬೇಕೋ ಏನೋ ಅಂತ ಚಿತ್ರವಿದ್ದ ಹನ್ನೊಂದು ಪುಟವನ್ನೂ ಕಳಿಸಿದ್ದರು. ದೂರದ ಆ ಪುಣ್ಯಾತ್ಮರಿಗೆ ದೇವರು ಒಳ್ಳೆಯದು ಮಾಡಲಿ!

ವಿನಯಾ ಯಾವ ಹೆಸರೂ ಹೇಳದೆ ಪುಟಗಳನ್ನು ನಾಗುವಿನ ಕೈಗೆ ಕೊಟ್ಟಳು. ನಾಗು ಜಗಲಿಯ ಬೆಳಕಿಗೆ ಹೋಗಿ ಒಂದೊಂದೇ ಪುಟವನ್ನು ಕಣ್ಣಿನ ಹತ್ತಿರ ಹಿಡಿದರು. ಒಂದು, ಎರಡು, ಮೂರು. ಏಳನೆಯದರಲ್ಲಿ ಅವರ ಕೈ ನಿಂತಿತು.

"ಇವ್ರೇ. ಮುಂಡಾಸ್ ಕಾಣ್, ಓರೆ. ಎಷ್ಟ್ ಹೇಳ್ರೂ ಸಮ ಕಟ್ಟೂಕೆ ಬತ್ತಿರ್ಲಿಲ್ಲೆ."

ಚಿತ್ರದ ಕೆಳಗೆ ಇತ್ತು: ಬಚ್ಚ, ತೆಕ್ಕಟ್ಟೆ.

ಚೆನ್ನಯ್ಯ ನೋಡಿದ. ಇಷ್ಟು ವರ್ಷ ಅವನ ಮನಸ್ಸಿನಲ್ಲಿದ್ದದ್ದು ನೆರೆಗೂದಲಿನ ಒಬ್ಬ ಅಪ್ಪಯ್ಯ. ಇಲ್ಲಿದ್ದದ್ದು ಇಪ್ಪತ್ತೈದರ ಹುಡುಗ, ತನ್ನ ಮಗನಿಗಿಂತಲೂ ಸಣ್ಣವ, ತೆನೆಯ ಕಟ್ಟು ಹಿಡಿದು ನಗು ತಡೆದುಕೊಂಡು ನಿಂತವ. ಚೆನ್ನಯ್ಯನಿಗೆ ದುಃಖ ಒತ್ತರಿಸಿ ಬಂತು. ಅಳುತ್ತಿದ್ದಂತೆ ಎದೆಯ ಮೇಲಿದ್ದ ಭಾರ ಇಳಿದಂತಾಯಿತು.

"ಮರ್ಕಬೇಡ ಮಗಾ" ಅಂದರು ನಾಗು, ತಾವೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ. "ಬಂದ್ರಲ್ದಾ ಮನೆಗೆ?"

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಕಳೆದುಹೋದ ಒಂದು ಪುಸ್ತಕದ ಮಾತು ಇದ್ದೇ ಇರುತ್ತದೆ. ಬೈಂದೂರಿರಲಿ, ಬ್ರಹ್ಮಾವರವಿರಲಿ, ನಿಮ್ಮ ಪಂಚಾಯತಿ ಲೈಬ್ರರಿಗೆ ಹೋಗಿ. ಪುಸ್ತಕದ ಹೆಸರು, ಬರೆದವರು, ಅಚ್ಚಾದ ವರ್ಷ, ನೆನಪಿದ್ದಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಒಂದು ಪಟ್ಟಿಯಲ್ಲಿ ಸಿಗದಿದ್ದರೆ ಇನ್ನೊಂದು ಹುಡುಕಿಸಿ. ಸಿಕ್ಕಿದರೆ ಅಲ್ಲಿಯವರಿಗೆ ಬರೆದು ಕೇಳಲು ನಾಚಿಕೆ ಬೇಡ. ಎಲ್ಲವೂ ಸಿಗುತ್ತದೆ ಅಂತ ಅಲ್ಲ, ಕೇಳದೆ ಮಾತ್ರ ಯಾವುದೂ ಸಿಗುವುದಿಲ್ಲ. ಆ ಪುಸ್ತಕವನ್ನು ಕಂಡ ಕಣ್ಣು ಮನೆಯಲ್ಲಿ ಇನ್ನೂ ಇರುವಾಗಲೇ ಹೊರಡಿ.